ದೊಡ್ಡ ಕ್ಲಬ್ಬು ಮತ್ತು ಊರ ಕ್ಲಬ್ಬು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಶನಿವಾರ ರಾತ್ರಿ ಊಟವಾದ ಮೇಲೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದು ಸಭೆ ಸೇರುವುದುಂಟು. ಆ ಸಭೆಗೆ ಅಧ್ಯಕ್ಷರಿಲ್ಲ, ಪ್ರಾರ್ಥನೆಯಿಲ್ಲ, ವಂದನಾರ್ಪಣೆಯೂ ಇಲ್ಲ. ಒಬ್ಬನ ಕೈಯಲ್ಲಿ ಮೊಬೈಲು. ಅದರ ಸುತ್ತ ಹತ್ತು ಹನ್ನೆರಡು ತಲೆಗಳು. ಎಂಟು ಸಾವಿರ ಕಿಲೋಮೀಟರುಗಳಾಚೆ ಇಂಗ್ಲೆಂಡಿನಲ್ಲಿ ನಡೆಯುತ್ತಿರುವ ಕಾಲ್ಚೆಂಡಾಟವನ್ನು ಅಂಗೈಯಗಲದ ಗಾಜಿನಲ್ಲಿ ನೋಡಿ ಇಲ್ಲಿ ಕೇಕೆ ಹಾಕುವವರು ನಾವು. ಕೆಲವರು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಪಕ್ಷ, ಕೆಲವರು ಲಿವರ್‌ಪೂಲಿನ ಪಕ್ಷ, ಉಳಿದವರು ಗೆದ್ದವರ ಪಕ್ಷ.

ಕಳೆದ ಚಳಿಗಾಲದ ಒಂದು ರಾತ್ರಿ ಆಟ ಮುಗಿದ ಮೇಲೆ ಚರ್ಚೆಯೊಂದು ಹುಟ್ಟಿತು. ಇಂಗ್ಲೆಂಡಿನ ಹಳೆಯ ಕ್ಲಬ್ಬೊಂದು ಸಾಲದಿಂದ ಲೀಗನ್ನೇ ಕಳೆದುಕೊಂಡ ಕಥೆಯನ್ನು ಒಬ್ಬ ಓದಿ ಹೇಳಿದ. ಇನ್ನೊಬ್ಬ ಥಟ್ಟನೆ, “ದುಡ್ಡಿಲ್ಲದ ಕ್ಲಬ್ಬು ಯಾಕೆ ಇರಬೇಕೋ? ಗಿರಾಕಿ ಬಾರದ ಅಂಗಡಿ ಬಾಗಿಲು ಹಾಕೋದಿಲ್ಲವೇ?” ಎಂದ. ಅದಕ್ಕೆ ಮೂಲೆಯಲ್ಲಿದ್ದವನೊಬ್ಬ, “ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿಗೆ ಹೋಗ್ತೀಯ. ಕ್ಲಬ್ಬು ಮುಚ್ಚಿದರೆ ಪಕ್ಕದ ಊರಿನ ಕ್ಲಬ್ಬಿಗೆ ಜೈ ಅಂತೀಯೇನೋ?” ಎಂದು ಕೇಳಿದ. ಆ ಹೊತ್ತು ನಾನು ಮೊದಲನೆಯವನ ಪಕ್ಷ ವಹಿಸಿದೆ. ಅನಂತರ ಈ ವಿಷಯವಾಗಿ ಓದುತ್ತ ಹೋದಂತೆ ನನ್ನ ಅಭಿಪ್ರಾಯ ಬದಲಾಯಿತು. ಹೇಗೆ ಬದಲಾಯಿತೆಂಬುದನ್ನು ಸಹಪಾಠಿಗಳ ಮತ್ತು ಅಧ್ಯಾಪಕ ವರ್ಗದವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಇತಿಹಾಸವನ್ನು ಸ್ವಲ್ಪ ಗಮನಿಸೋಣ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾದುದು 1863ರಲ್ಲಿ. ಆಟಗಾರರಿಗೆ ಸಂಬಳ ಕೊಡಬಹುದೆಂದು ಅದು ಒಪ್ಪಿದ್ದು 1885ರಲ್ಲಿ. ಸಂಬಳವೆಂದ ಮೇಲೆ ವಾರವಾರವೂ ಹಣ ಬರಬೇಕು, ಹಣ ಬರಬೇಕಾದರೆ ವಾರವಾರವೂ ನಿಶ್ಚಿತವಾದ ಪಂದ್ಯ ಬೇಕು. ಈ ಅಗತ್ಯದಿಂದಲೇ 1888ರಲ್ಲಿ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. ಹತ್ತಿಯ ಗಿರಣಿಗಳ ಮತ್ತು ಕಾರ್ಖಾನೆಗಳ ಊರುಗಳೇ ಅದರ ತವರು. ಇಂದು ಜಗತ್ಪ್ರಸಿದ್ಧವಾದ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರು ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಕಟ್ಟಿಕೊಂಡ ತಂಡ. ಆರ್ಸೆನಲ್ 1886ರಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡದ್ದು. ಇಂದಿನ ದೊಡ್ಡ ಕ್ಲಬ್ಬುಗಳೆಲ್ಲವೂ ಒಂದು ಕಾಲಕ್ಕೆ ಸಣ್ಣವೇ ಆಗಿದ್ದುವೆಂಬುದನ್ನು ವಾಚಕರು ಇಲ್ಲಿ ನೆನಪಿನಲ್ಲಿಡಬೇಕು.

ಇಂಗ್ಲೆಂಡಿನ ಕಾಲ್ಚೆಂಡಾಟ ಒಂದು ಏಣಿಯಂತಿದೆ. ತುದಿಯಲ್ಲಿ ಪ್ರೀಮಿಯರ್ ಲೀಗು. ಅದರ ಕೆಳಗೆ ಫುಟ್‌ಬಾಲ್ ಲೀಗಿನ ಮೂರು ಮೆಟ್ಟಿಲುಗಳು. ಈ ನಾಲ್ಕರ ಕೆಳಗಿರುವುದೆಲ್ಲ ‘ನಾನ್‌ಲೀಗ್’, ಅಂದರೆ ಲೀಗಿನ ಹೊರಗಿನವರು. ಐದನೆಯ ಮೆಟ್ಟಿಲು ನ್ಯಾಷನಲ್ ಲೀಗು. ಅದರಿಂದ ಕೆಳಗೆ ಮೆಟ್ಟಿಲುಗಳು ಕವಲೊಡೆಯುತ್ತ ಹಳ್ಳಿಯ ಮೈದಾನದವರೆಗೂ ಇಳಿಯುತ್ತವೆ. ಅಲ್ಲಿ ಆಡುವವರಲ್ಲಿ ಅನೇಕರು ಹಗಲು ಬೇರೆ ಕಸುಬು ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಟಿಕೆಟು ಹರಿಯುವವರು, ಚಹಾ ಕಾಸುವವರು, ಹುಲ್ಲು ಕತ್ತರಿಸುವವರು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಊರವರೇ.

ಆದರೆ ಈ ಏಣಿಯಲ್ಲಿ ನಾಲ್ಕು ಮತ್ತು ಐದನೆಯ ಮೆಟ್ಟಿಲುಗಳ ನಡುವೆ ಬಹುಕಾಲ ಒಂದು ಗೋಡೆಯಿತ್ತು. ಲೀಗಿನ ತಳದಲ್ಲಿ ಉಳಿದ ಕ್ಲಬ್ಬುಗಳು ತಾವಾಗಿ ಹೊರಗೆ ಹೋಗುತ್ತಿರಲಿಲ್ಲ. ಅವು ಉಳಿಯಬೇಕೇ ಹೊರಗಿನವರು ಬರಬೇಕೇ ಎಂಬುದನ್ನು ಒಳಗಿನ ಕ್ಲಬ್ಬುಗಳೇ ಮತ ಹಾಕಿ ತೀರ್ಮಾನಿಸುತ್ತಿದ್ದುವು. ಒಳಗಿನವರು ಒಳಗಿನವರನ್ನೇ ಉಳಿಸಿಕೊಳ್ಳುವುದು ಸಾಮಾನ್ಯವಾಗಿತ್ತು. 1972ರಲ್ಲಿ ಹೆರೆಫರ್ಡ್ ಯುನೈಟೆಡ್ ಎಂಬ ಹೊರಗಿನ ಕ್ಲಬ್ಬು ಎಫ್.ಎ. ಕಪ್ಪಿನಲ್ಲಿ ಮೊದಲ ದರ್ಜೆಯ ನ್ಯೂಕ್ಯಾಸಲ್ಲನ್ನು 2-1ರಿಂದ ಸೋಲಿಸಿ ದೇಶವನ್ನೇ ಬೆರಗುಗೊಳಿಸಿತು. ಅದೇ ವರ್ಷ ಅದಕ್ಕೆ ಲೀಗಿನ ಬಾಗಿಲು ತೆರೆಯಿತು. ಎಲ್ಲರಿಗೂ ಅಂತಹ ಅದೃಷ್ಟವಿರಲಿಲ್ಲ. ಕೊನೆಗೆ 1987ರಲ್ಲಿ ಗೋಡೆ ಒಡೆದು, ಹೊರಗೆ ಮೊದಲ ಸ್ಥಾನ ಗಳಿಸಿದ ಸ್ಕಾರ್ಬರೋ ತಾನಾಗಿ ಮೇಲೇರಿ, ಲಿಂಕನ್ ಸಿಟಿ ಕೆಳಗಿಳಿಯಿತು. 2003ರಿಂದ ಎರಡು ಕ್ಲಬ್ಬುಗಳಿಗೆ ಬಡ್ತಿ ದೊರೆಯತೊಡಗಿತು.

ಬಾಗಿಲೇನೋ ತೆರೆಯಿತು, ಆದರೆ ಅಷ್ಟರಲ್ಲಿ ಮೆಟ್ಟಿಲುಗಳ ನಡುವಣ ಎತ್ತರವೇ ಬೆಳೆಯತೊಡಗಿತ್ತು. 1983ರವರೆಗೆ ಲೀಗಿನ ಪಂದ್ಯದ ಟಿಕೆಟ್ಟಿನ ಹಣದಲ್ಲಿ ಅತಿಥಿ ತಂಡಕ್ಕೂ ಒಂದು ಪಾಲಿತ್ತು. ದೊಡ್ಡ ಊರಿಗೆ ಹೋಗಿ ಆಡಿದ ಸಣ್ಣ ಕ್ಲಬ್ಬು ಸೋತರೂ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ಆ ವರ್ಷ ಪದ್ಧತಿ ನಿಂತು, ಮೈದಾನದ ಒಡೆಯರಿಗೇ ಪೂರ್ತಿ ಹಣವೆಂದಾಯಿತು. 1992ರಲ್ಲಿ ಮೊದಲ ದರ್ಜೆಯ ಕ್ಲಬ್ಬುಗಳು ಬೇರೆಯಾಗಿ ಪ್ರೀಮಿಯರ್ ಲೀಗನ್ನು ಕಟ್ಟಿಕೊಂಡವು. ದೂರದರ್ಶನದ ಹಣ ಅವರ ಪಾಲಿಗೆ ಹೊಳೆಯಾಗಿ ಹರಿಯಿತು. 2016ರಿಂದ ಮೂರು ವರ್ಷಗಳಿಗೆ ಬ್ರಿಟನ್ನಿನ ಪ್ರಸಾರದ ಹಕ್ಕೊಂದಕ್ಕೇ 500 ಕೋಟಿ ಪೌಂಡುಗಳಿಗೂ ಹೆಚ್ಚು ಹಣ ಸಂದಿತು. ಮೇಲಿನ ಹೊಳೆಯ ನೀರು ಕೆಳಗಿನ ಗದ್ದೆಗೆ ಎಷ್ಟು ಹರಿಯಬೇಕೆಂಬುದೇ ಅಲ್ಲಿನ ಅಭಿಮಾನಿಗಳ ಮುಗಿಯದ ಜಗಳ.

ದೊಡ್ಡ ಕ್ಲಬ್ಬಿನ ಅಭಿಮಾನಿಗಳ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಹಣ ತರುವವರು ನಾವು, ಜಗತ್ತು ನೋಡುವುದು ನಮ್ಮ ಆಟವನ್ನು ಎನ್ನುತ್ತಾರೆ ಅವರು. ಸಣ್ಣ ಕ್ಲಬ್ಬುಗಳು ಹಾಸಿಗೆ ಇದ್ದಷ್ಟು ಕಾಲು ಚಾಚದೆ ತಾವೇ ಕೆಟ್ಟರೆ ಅದಕ್ಕೆ ಹೊಣೆ ಯಾರು ಎಂದೂ ಕೇಳುತ್ತಾರೆ. ಮೇಲೆ ಹೇಳಿದ ಸ್ಕಾರ್ಬರೋ ಕ್ಲಬ್ಬೇ 2007ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಹೆರೆಫರ್ಡ್ ಯುನೈಟೆಡ್ 2014ರಲ್ಲಿ ಅದೇ ಹಾದಿ ಹಿಡಿಯಿತು. ಹೀಗಿರಲು ಗಿರಾಕಿಯಿಲ್ಲದ ಅಂಗಡಿಯ ಉಪಮೆ ಸರಿಯೆಂದೇ ತೋರುತ್ತದೆ.

ಆದರೆ ಕ್ಲಬ್ಬು ಮುಚ್ಚಿದ ಮೇಲೆ ಏನಾಯಿತೆಂಬುದನ್ನು ನೋಡಿದರೆ ಆ ಉಪಮೆ ನಿಲ್ಲುವುದಿಲ್ಲ. ಬರಿ ಎಂಬ ಊರಿನ ಕ್ಲಬ್ಬು ಹುಟ್ಟಿದ್ದು 1885ರಲ್ಲಿ. ಅದು 1900ರಲ್ಲಿಯೂ 1903ರಲ್ಲಿಯೂ ಎಫ್.ಎ. ಕಪ್ಪನ್ನು ಗೆದ್ದಿತು, ಎರಡನೆಯ ಸಲ ಡರ್ಬಿ ಕೌಂಟಿಯ ಮೇಲೆ 6-0. ಅಷ್ಟು ದೊಡ್ಡ ಅಂತರದ ಗೆಲುವನ್ನು ಅಂತಿಮ ಪಂದ್ಯದಲ್ಲಿ ಮತ್ತೊಂದು ತಂಡ ಸರಿಗಟ್ಟಲು 2019ರವರೆಗೆ ಕಾಯಬೇಕಾಯಿತು. ಅದೇ 2019ರ ಆಗಸ್ಟಿನಲ್ಲಿ, ಹಣದ ಭರವಸೆಯನ್ನು ತೋರಿಸಲಾರದೆ, 125 ವರ್ಷ ಲೀಗಿನಲ್ಲಿದ್ದ ಬರಿ ಹೊರದೂಡಲ್ಪಟ್ಟಿತು. ಮ್ಯಾಂಚೆಸ್ಟರಿನ ಎರಡು ಮಹಾ ಕ್ಲಬ್ಬುಗಳು ಅಲ್ಲಿಗೆ ಕೂಗಳತೆಯಲ್ಲಿವೆ. ಗಿರಾಕಿಗಳಾಗಿದ್ದರೆ ಆ ಊರವರು ಅಲ್ಲಿಗೆ ಹೋಗಬಹುದಾಗಿತ್ತು. ಆದರೆ ಅವರಲ್ಲಿ ಕೆಲವರು ಹೊಸ ತಂಡ ಕಟ್ಟಿ ಏಣಿಯ ಕೆಳಗಿನಿಂದ ಆರಂಭಿಸಿದರು. 2022ರಲ್ಲಿ ಹಳೆಯ ಗಿಗ್ ಲೇನ್ ಮೈದಾನವನ್ನು ಅಭಿಮಾನಿಗಳು ಬಿಡಿಸಿಕೊಂಡರು. 2023ರಲ್ಲಿ ಅಭಿಮಾನಿಗಳ ಎರಡು ಗುಂಪುಗಳು ಒಂದಾಗಿ, ಊರ ಕ್ಲಬ್ಬು ಊರ ಮೈದಾನಕ್ಕೆ ಮರಳಿತು.

ವಿಂಬಲ್ಡನ್ನಿನ ಕಥೆಯೂ ಇಂತಹುದೇ. 1977ರಲ್ಲಿ ಲೀಗಿಗೆ ಬಂದ ಆ ಸಣ್ಣ ಕ್ಲಬ್ಬು 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಕಪ್ಪು ಗೆದ್ದಿತ್ತು. 2002ರಲ್ಲಿ ಅದನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಸ್ಥಳಾಂತರಿಸಲು ಅನುಮತಿ ದೊರೆಯಿತು. ಅಭಿಮಾನಿಗಳು ಹಿಂಬಾಲಿಸಲಿಲ್ಲ. ಎ.ಎಫ್.ಸಿ. ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ಬನ್ನು ಒಂಬತ್ತನೆಯ ಮೆಟ್ಟಿಲಿನಲ್ಲಿ ಆರಂಭಿಸಿ, ಐದು ಬಡ್ತಿಗಳನ್ನು ಗಳಿಸಿ, 2011ರಲ್ಲಿ ಲೀಗನ್ನು ಸೇರಿದರು. 2020ರಲ್ಲಿ ತಮ್ಮ ಪ್ಲೌ ಲೇನಿನಲ್ಲಿ ಹೊಸ ಮೈದಾನವನ್ನು ಕಟ್ಟಿಕೊಂಡರು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದುದು ಎಕ್ಸೆಟರ್ ಸಿಟಿ. 2003ರಲ್ಲಿ ಅದು ಸಾಲದ ಹೊರೆಯೊಡನೆ ಲೀಗಿನಿಂದ ಹೊರಬಿತ್ತು. ಅಭಿಮಾನಿಗಳ ಸಂಘವೇ ಮುಂದೆ ಬಂದು ಕ್ಲಬ್ಬಿನ ಒಡೆತನ ವಹಿಸಿಕೊಂಡಿತು. 2005ರ ಜನವರಿಯಲ್ಲಿ ನಡೆದ ಎಫ್.ಎ. ಕಪ್ಪಿನ ಪಂದ್ಯಕ್ಕೆ ಅವರಿಗೆ ಎದುರಾಳಿಯಾಗಿ ಬಂದುದು ಮ್ಯಾಂಚೆಸ್ಟರ್ ಯುನೈಟೆಡ್! ಓಲ್ಡ್ ಟ್ರಾಫರ್ಡಿನಲ್ಲಿ 67 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ಹೊರಗಿನ ಕ್ಲಬ್ಬಿನ ಹುಡುಗರು ಒಂದು ಗೋಲನ್ನೂ ಬಿಡದೆ 0-0 ಸರಿಸಮ ಮಾಡಿಕೊಂಡರು. ಪಂದ್ಯ ಸಮವಾದರೆ ಇನ್ನೊಬ್ಬರ ಮೈದಾನದಲ್ಲಿ ಮರುಪಂದ್ಯ. ಎಕ್ಸೆಟರಿನಲ್ಲಿ ನಡೆದ ಅದರಲ್ಲಿ ಯುನೈಟೆಡ್ 2-0ರಿಂದ ಗೆದ್ದಿತೆಂಬುದು ನಿಜ. ಆದರೆ ಕಪ್ಪಿನ ಪಂದ್ಯದಲ್ಲಿ ಟಿಕೆಟ್ಟಿನ ಹಣವನ್ನು ಎರಡು ಕಡೆಯವರೂ ಹಂಚಿಕೊಳ್ಳುತ್ತಾರೆ. ಈ ಎರಡು ಪಂದ್ಯಗಳ ಹಣ ಕ್ಲಬ್ಬಿನ ಸಾಲವನ್ನು ತೀರಿಸಲು ಆಧಾರವಾಯಿತು. 2008ರಲ್ಲಿ ಎಕ್ಸೆಟರ್ ಲೀಗಿಗೆ ಮರಳಿತು. ಸೋತೂ ಬದುಕಿಕೊಳ್ಳುವುದೆಂದರೆ ಇದೇ. ಆದರೆ 2024-25ರ ಸಾಲಿನಿಂದ ಕಪ್ಪಿನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯವನ್ನೇ ತೆಗೆದುಹಾಕಿದ್ದಾರೆ. ದೊಡ್ಡ ಕ್ಲಬ್ಬುಗಳಿಗೆ ಪಂದ್ಯಗಳ ಹೊರೆ ಹೆಚ್ಚಾಯಿತೆಂಬುದು ಕಾರಣ. ಒಬ್ಬರ ಹೊರೆ ಇನ್ನೊಬ್ಬರ ಅನ್ನವಾಗಿತ್ತು.

ಹಾಗೆಂದು ದೊಡ್ಡ ಕ್ಲಬ್ಬುಗಳ ಅಭಿಮಾನಿಗಳೆಲ್ಲ ಹಣದ ಕಡೆಯವರೆಂದು ತಿಳಿಯಬಾರದು. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಒಡೆತನ ಕೈಬದಲಾದಾಗ ಅದರ ಅಭಿಮಾನಿಗಳಲ್ಲಿಯೇ ಕೆಲವರು ಬೇಸತ್ತು ಎಫ್.ಸಿ. ಯುನೈಟೆಡ್ ಎಂಬ ಸಣ್ಣ ಕ್ಲಬ್ಬನ್ನು ಕಟ್ಟಿದರು. 2021ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಆರು ದೊಡ್ಡ ಕ್ಲಬ್ಬುಗಳು ಯೂರೋಪಿನ ಇತರ ಆರರೊಡನೆ ಸೇರಿ, ಸಂಸ್ಥಾಪಕರಿಗೆ ಹಿಂಬಡ್ತಿಯ ಭಯವೇ ಇಲ್ಲದ ಸೂಪರ್ ಲೀಗನ್ನು ಸಾರಿದಾಗ, ಬೀದಿಗಿಳಿದವರು ಅದೇ ಕ್ಲಬ್ಬುಗಳ ಅಭಿಮಾನಿಗಳು. ಎರಡೇ ದಿನಗಳಲ್ಲಿ ಆರೂ ಕ್ಲಬ್ಬುಗಳು ಹಿಂದೆಗೆದವು. 2025ರಲ್ಲಿ ಬ್ರಿಟಿಷ್ ಸಂಸತ್ತು ಈ ಕ್ರೀಡೆಯ ಆಡಳಿತಕ್ಕಾಗಿ ಒಂದು ಕಾನೂನನ್ನೇ ಮಾಡಿ, ಮೇಲಿನ ಐದು ಮೆಟ್ಟಿಲುಗಳ ಮೇಲ್ವಿಚಾರಣೆಗೆ ಸ್ವತಂತ್ರ ಅಧಿಕಾರಿ ಸಂಸ್ಥೆಯನ್ನು ನೇಮಿಸಿತು. ಐದನೆಯದು ಆ ಹೊರಗಿನವರ ಮೆಟ್ಟಿಲು ಎಂಬುದನ್ನು ಗಮನಿಸಬೇಕು.

ಕೊನೆಯದಾಗಿ ನಮ್ಮ ವಿದ್ಯಾರ್ಥಿನಿಲಯಕ್ಕೇ ಸಂಬಂಧಿಸಿದ ಒಂದು ಸಂಗತಿ. ಚಳಿಗಾಲದ ಶನಿವಾರ ರಾತ್ರಿ ಎಂಟೂವರೆಗೆ ನಾವು ನೋಡುವ ಆಟ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರು ಗಂಟೆಯದು. ಆ ಆಟವನ್ನು ಆ ದೇಶದವರೇ ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ನೋಡುವಂತಿಲ್ಲ! ಶನಿವಾರ 2-45ರಿಂದ 5-15ರವರೆಗೆ ಅಲ್ಲಿ ನೇರ ಪ್ರಸಾರ ನಿಷಿದ್ಧ. ದೊಡ್ಡವರ ಆಟವನ್ನು ಮನೆಯಲ್ಲೇ ನೋಡುತ್ತ ಜನ ತಮ್ಮೂರಿನ ಸಣ್ಣ ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಾರೆಂಬ ಭಯದಿಂದ ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಮಾಡಿದ ನಿಯಮವದು.

ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಅದೇ ವಾರ ನಮ್ಮ ಕಾಲೇಜಿನ ತಂಡ ನೆರೆಯ ತಾಲ್ಲೂಕಿನ ತಂಡದೊಡನೆ ಆಡಿತ್ತು. ನೋಡಲು ಬಂದವರು ಏಳೆಂಟು ಜನ, ನಾನು ಹೋಗಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬೆಂಗಳೂರಿನ ಹೆಸರಾಂತ ಕಾಲೇಜುಗಳು ಎಷ್ಟೇ ದೊಡ್ಡವಿರಲಿ, ನನ್ನನ್ನು ಕಳುಹಿಸುವ ಶಕ್ತಿ ನಮ್ಮ ತಂದೆಯವರಿಗಿರಲಿಲ್ಲ. ಬಸ್ಸಿನ ಪಾಸಿಗೆ ನಿಲುಕುವಷ್ಟು ಹತ್ತಿರದಲ್ಲಿ ಈ ಸಣ್ಣ ಸರ್ಕಾರಿ ಕಾಲೇಜು ಇದ್ದುದರಿಂದ ನಾನು ಇಂದು ಈ ಲೇಖನ ಬರೆಯುತ್ತಿದ್ದೇನೆ. ಸಣ್ಣದು ಏಕಿರಬೇಕೆಂಬ ಪ್ರಶ್ನೆಗೆ ನನ್ನ ಬಾಳೇ ಉತ್ತರವಾಗಿರುವಾಗ ಆ ರಾತ್ರಿ ನಾನು ಅಂಗಡಿಯ ಪಕ್ಷ ವಹಿಸಿದ್ದು ಹೇಗೆ?

ದೊಡ್ಡ ಕ್ಲಬ್ಬಿನ ಆಟವನ್ನು ನೋಡಬಾರದೆಂದು ನಾನು ಹೇಳುವುದಿಲ್ಲ; ಅದರ ಸೊಗಸೇ ಬೇರೆ, ನಾನೂ ನೋಡುತ್ತೇನೆ. ಆದರೆ ಲಕ್ಷಾಂತರ ಜನರ ನಡುವೆ ನಾವೊಬ್ಬರು ಕೇಕೆ ಹಾಕದಿದ್ದರೆ ಓಲ್ಡ್ ಟ್ರಾಫರ್ಡಿಗೆ ತಿಳಿಯುವುದಿಲ್ಲ. ಏಳೆಂಟು ಜನರ ಜೊತೆಗೆ ಇನ್ನೊಬ್ಬ ಬಂದು ನಿಂತರೆ ನಮ್ಮ ಮೈದಾನದ ಹುಡುಗರಿಗೆ ತಿಳಿಯುತ್ತದೆ. ಮುಂದಿನ ಪಂದ್ಯಕ್ಕೆ ನಾನು ಹೋಗುತ್ತೇನೆ. ಸಹಪಾಠಿಗಳೂ ಬರಬೇಕೆಂದು ಕೇಳಿಕೊಳ್ಳುತ್ತೇನೆ.