ತಾಳಮದ್ದಳೆಯ ಕಥನ: ಪ್ರಸಂಗ, ಪಾತ್ರ ಮತ್ತು ನಿರೂಪಣೆ

ಕಥನಸಾಹಿತ್ಯದ ಮೂಲಾಂಶಗಳನ್ನು ಕುರಿತ ನಮ್ಮ ತರಗತಿಯ ಪಾಠಗಳು ಸಾಮಾನ್ಯವಾಗಿ ಕಥಾವಸ್ತು, ಪಾತ್ರ, ಸನ್ನಿವೇಶ, ಸಂಭಾಷಣೆ, ದೃಷ್ಟಿಕೋನ ಎಂಬ ಪಟ್ಟಿಯಿಂದ ಆರಂಭವಾಗುತ್ತವೆ. ಇ. ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯನ್ನು ಕುರಿತು ನೀಡಿದ ಉಪನ್ಯಾಸಗಳ ನೆರಳು ಈ ಪಟ್ಟಿಯ ಮೇಲಿದೆ. ಕಾಲಾನುಕ್ರಮದ ಘಟನೆಗಳು ಕಥೆ, ಕಾರ್ಯಕಾರಣ ಸಂಬಂಧದಿಂದ ಹೆಣೆದವು ಕಥಾಸಂವಿಧಾನ ಎಂಬ ಅವನ ವಿಂಗಡಣೆ ಉಪಯುಕ್ತವೇ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ದೇವಸ್ಥಾನಗಳಲ್ಲಿ, ಮನೆಯ ಜಗಲಿಗಳಲ್ಲಿ ನಡೆಯುವ ತಾಳಮದ್ದಳೆಯನ್ನು ಎದುರಿಗಿಟ್ಟುಕೊಂಡರೆ ಈ ಪಟ್ಟಿ ಸಾಲದಾಗುತ್ತದೆ. ಅಲ್ಲಿಂದಲೇ ಬಂದ ವಿದ್ಯಾರ್ಥಿಗೂ ನಾವು ಅದನ್ನು ಬಿಟ್ಟೇ ಪಾಠ ಹೇಳುತ್ತೇವೆ ಎಂಬುದು ಬೇರೆ ಮಾತು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ; ಕುಳಿತ ಅರ್ಥಧಾರಿ ಅದಕ್ಕೆ ಆಶುವಾಗಿ ಅರ್ಥ ಹೇಳುತ್ತಾನೆ. ಪದ್ಯ ಸ್ಥಿರ, ಮಾತು ಚರ. ಹಾಡಿನಲ್ಲಿ ಪ್ರಥಮಪುರುಷದಲ್ಲಿ ಸಾಗುತ್ತಿದ್ದ ನಿರೂಪಣೆ ಅರ್ಥಧಾರಿಯ ಬಾಯಲ್ಲಿ ಉತ್ತಮಪುರುಷಕ್ಕೆ ಹೊರಳುತ್ತದೆ. ಹೀಗೆ ಒಂದೇ ಕಥನಕ್ಕೆ ಇಬ್ಬರು ನಿರೂಪಕರು. ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ವಿವರಿಸಿದ ಕಥಾಕಾಲ ಮತ್ತು ಕಥನಕಾಲಗಳ ಅಂತರಕ್ಕೂ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ: ನಾಲ್ಕು ಸಾಲಿನ ಪದ್ಯವೊಂದು ದೀರ್ಘ ಸಂವಾದವಾಗಿ ಬೆಳೆಯಬಲ್ಲುದು.

‘ವಾಲಿಮೋಕ್ಷ’ದ ಸನ್ನಿವೇಶವನ್ನು ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ನೆಲಕ್ಕುರುಳಿದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಘಟನೆ ಮುಗಿದಿದೆ; ಕಥೆ ಮುಂದೆ ಸಾಗಲು ಉಳಿದಿರುವುದು ವಾಲಿಯ ಮರಣವೊಂದೇ. ಕೂಟದ ಜೀವವಿರುವುದು ಮಾತ್ರ ಇಲ್ಲಿಯೇ. ಸಮರ್ಥ ಅರ್ಥಧಾರಿಯ ವಾಲಿ ವಾದದಲ್ಲಿ ಗೆಲ್ಲಲೂಬಹುದು. ಗೆದ್ದರೂ ಅವನು ಸಾಯಲೇಬೇಕು, ಏಕೆಂದರೆ ಮುಂದಿನ ಪದ್ಯ ಕಾದಿದೆ. ಸಂವಿಧಾನ ಒಂದು ತೀರ್ಪು ಕೊಟ್ಟರೆ ಸಂವಾದ ಇನ್ನೊಂದನ್ನು ಕೊಡುತ್ತದೆ. ‘ಮುಂದೇನಾಯಿತು’ ಎಂಬ ಕುತೂಹಲವೇ ಕಥೆಯ ಆಧಾರವೆಂಬ ಫಾರ್ಸ್ಟರನ ಮಾತು ಇಲ್ಲಿ ನಿಲ್ಲುವುದಿಲ್ಲ. ಮುಂದಿನದು ಸಭೆಗೆ ಮೊದಲೇ ಗೊತ್ತು; ಈ ರಾತ್ರಿಯ ವಾಲಿ ತನ್ನ ಸಾವನ್ನು ಹೇಗೆ ಒಪ್ಪಿಕೊಳ್ಳುತ್ತಾನೆ ಎಂಬುದಷ್ಟೇ ಗೊತ್ತಿಲ್ಲ. ಪಾತ್ರವು ಗ್ರಂಥದಲ್ಲಿ ಸಿದ್ಧವಾಗಿರುವ ವಸ್ತುವಲ್ಲ, ಎದುರು ಅರ್ಥಧಾರಿಯ ಮಾತಿನಿಂದಲೂ ರೂಪುಗೊಳ್ಳುವಂಥದು. ಎದುರಿನ ರಾಮ ದುರ್ಬಲನಾದರೆ ವಾಲಿಯೂ ಸೊರಗುತ್ತಾನೆ.

ಇದೇ ಶಿರಸಿ ತಾಲೂಕಿನ ಬನವಾಸಿಯನ್ನು ಹಂಬಲಿಸಿದ ಪಂಪ ಹತ್ತನೆಯ ಶತಮಾನದಲ್ಲಿ ಬೇರೊಂದು ದಾರಿ ಹಿಡಿದಿದ್ದ. ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿ ಸಂವಿಧಾನವನ್ನೇ ತಿದ್ದಿದ. ಲಿಖಿತ ಕವಿಗಿದ್ದ ಆ ಸ್ವಾತಂತ್ರ್ಯ ಅರ್ಥಧಾರಿಗಿಲ್ಲ. ಅವನಿಗಿರುವುದು ಎರಡು ಪದ್ಯಗಳ ನಡುವಿನ ಅವಕಾಶ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಅದೂ ಮುಗಿಯಿತು.