ಉಳಿ ಮುಟ್ಟದ ಗುಹೆಗಳು

ಕೆರೆ ಪಕ್ಕದ ಗುಹೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಬಾದಾಮಿ. ಅಗಸ್ತ್ಯ ತೀರ್ಥದ ಮೇಲಿನ ಮರಳುಗಲ್ಲನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಉಳಿ ಹಿಡಿದು ಕೊರೆದರು. ಅದೇ ಮರಳುಗಲ್ಲನ್ನು ಮನುಷ್ಯನ ಕೈ ಇಲ್ಲದೆ ನೀರೇ ಕೊರೆದರೆ ಹೇಗಿರುತ್ತೆ? ಅದನ್ನು ನೋಡೋಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ತುದಿಗೆ, ಸುಪೀರಿಯರ್ ಸರೋವರದ ಅಪಾಸಲ್ ದ್ವೀಪಗಳ ಕಡೆಗೆ ಹೋಗಬೇಕು.

ಸರೋವರ ಅಂದ ತಕ್ಷಣ ನಮ್ಮೂರ ಕೆರೆ ಅಂದ್ಕೋಬೇಡಿ. ಇದರ ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ., ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು! ನೀರು ಸಿಹಿಯಾದರೂ ಅಲ್ಲಿಯವರು ಇವನ್ನು 'ಸಮುದ್ರ ಗುಹೆ' ಅಂತಲೇ ಕರೆಯೋದು.

ಅಲೆಗಳು ಬಂಡೆಯ ಬುಡಕ್ಕೆ ಬಡಿದು ಬಡಿದು, ತೆಳು ಪದರಗಳಿರುವ ಕಡೆ ಮೊದಲು ಕೊರೆಯುತ್ತವೆ. ಉಳಿದ ಕೆಲಸ ಚಳಿಗಾಲದ್ದು. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತೆ, ಬಿರುಕನ್ನು ಅಗಲ ಮಾಡುತ್ತೆ. ಕರಗಿದ ಮೇಲೆ ನೀರು ಇನ್ನೂ ಒಳಕ್ಕೆ ಇಳಿಯುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ. ಹೀಗೆ ಒಂದೊಂದೇ ತುಂಡು ಉದುರಿ ಕಮಾನು, ಕಂಬ, ಕೋಣೆಗಳು ಆಗಿವೆ. (ಸಿವಿಲ್ ಗೆಳೆಯರಿಗೆ ಇದು ಗೊತ್ತಿರೋ ತಲೆನೋವೇ. ಚಳಿ ದೇಶಗಳ ಕಾಂಕ್ರೀಟಿನಲ್ಲಿ ಬೇಕಂತಲೇ ಸಣ್ಣ ಗಾಳಿಗುಳ್ಳೆ ಬಿಡೋದು, ಹಿಗ್ಗುವ ನೀರಿಗೆ ಜಾಗ ಇರಲಿ ಅಂತ.)

ಇವುಗಳ ನಿಜವಾದ ಚೆಂದ ಇರೋದೂ ಚಳಿಗಾಲದಲ್ಲೇ. ಬಂಡೆಯಿಂದ ಜಿನುಗಿದ ನೀರು ಚಾವಣಿಯಿಂದ ನೆಲದವರೆಗೆ ಮಂಜುಗಡ್ಡೆಯ ಪರದೆಯಾಗಿ ನಿಲ್ಲುತ್ತೆ. ಹಿಂದೆ ಕೆಂಗಲ್ಲು, ಮುಂದೆ ನೀಲಿ-ಬಿಳಿ ಗಾಜು. ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷ ಜನ ಅದರ ಮೇಲೆ ನಡೆದುಕೊಂಡೇ ಗುಹೆಗೆ ಹೋಗಬಹುದು. 2014ರಲ್ಲಿ ಹಾಗೆ ಹೋದವರು ಸುಮಾರು 1,38,000 ಮಂದಿ. ಅದಕ್ಕೆ ಮುಂಚೆ ಆ ದಾರಿ ತೆರೆದಿದ್ದು 2009ರಲ್ಲಿ.

ಇಷ್ಟು ವರ್ಷ ಯಾಕೆ ಕಾಯಬೇಕು? ಸುಪೀರಿಯರ್, ಜಗತ್ತಿನಲ್ಲಿ ಬೇಗ ಬಿಸಿಯಾಗುತ್ತಿರುವ ದೊಡ್ಡ ಸರೋವರಗಳಲ್ಲೊಂದು. ನಡೆಯುವಷ್ಟು ದಪ್ಪ ಮಂಜುಗಡ್ಡೆ ಅಪರೂಪವಾಗುತ್ತಿದೆ. 2024ರ ಫೆಬ್ರವರಿ ಮಧ್ಯದಲ್ಲಂತೂ ಅಲ್ಲಿನ ಐದೂ ಮಹಾ ಸರೋವರಗಳ ಮಂಜುಗಡ್ಡೆ, ಆ ದಿನಗಳ ಮಟ್ಟಿಗೆ ದಾಖಲೆಯಲ್ಲೇ ಅತಿ ಕಡಿಮೆಗೆ ಇಳಿದಿತ್ತು.

ನಷ್ಟ ಬರೀ ಪ್ರವಾಸಿಗರದ್ದಲ್ಲ. ಬಿರುಕಿನೊಳಗಿನ ಮಂಜುಗಡ್ಡೆ ಬಂಡೆಯನ್ನು ಸೀಳಿದರೆ, ಸರೋವರದ ಮೇಲೆ ಹರಡಿದ ಮಂಜುಗಡ್ಡೆ ಅದೇ ಬಂಡೆಗೆ ಗುರಾಣಿ. ಅದು ಇಲ್ಲದ ವರ್ಷ, ಚಳಿಗಾಲದ ಬಿರುಗಾಳಿಯ ಅಲೆಗಳು ನೇರ ಬಂದು ಈ ಕಮಾನುಗಳಿಗೇ ಬಡಿಯುತ್ತವೆ.