ಗೇಣುದ್ದದ ಎಂಜಿನ್, ಮಾರುದ್ದದ ಬೆಲೆ

ಪ್ರಶ್ನೆ: ನಮ್ಮದು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಅಣ್ಣನ ಮಗನಿಗೆ ಮಾಡೆಲ್ ರೈಲುಗಳ ಹುಚ್ಚು. ಮೊನ್ನೆ ಮೊಬೈಲಿನಲ್ಲಿ ಒಂದು ಉಗಿ ಎಂಜಿನ್ ತೋರಿಸಿದ. ಉದ್ದ ಒಂದು ಗೇಣು, ಬೆಲೆ 28 ಸಾವಿರ! "ಲಿಮಿಟೆಡ್ ಎಡಿಷನ್ ಕಾಕಾ, ಮುಂದಿನ ವರ್ಷ ಇನ್ನೂ ಏರ್ತದೆ" ಅಂತಾನೆ. ಒಂದಿಷ್ಟು ಪ್ಲಾಸ್ಟಿಕ್ಕು, ಒಂದು ಪುಟ್ಟ ಮೋಟರು, ಇದಕ್ಕೆ ಅಷ್ಟು ರೊಕ್ಕ ಯಾಕೆ? ಅದೂ ಅಲ್ಲದೆ, ನಮ್ಮ ಬಳ್ಳಾರಿ ಸ್ಟೇಷನ್ನಿಗೆ ಬರುತ್ತಿದ್ದ ಹಳೇ ಎಂಜಿನ್ನಿನ ಮಾಡೆಲ್ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲವಂತೆ. ಅದೇಕೆ?
– ಒಬ್ಬ ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಅರ್ಧ ಉತ್ತರ ನಿಮ್ಮ ಕಟಿಂಗ್ ಟೇಬಲ್ಲಿನ ಮೇಲೇ ಇದೆ. ಹೊಸ ನಮೂನೆಯ ಪ್ಯಾಂಟಿಗೆ ಮೊದಲು ಪ್ಯಾಟರ್ನ್ ತೆಗೆಸುತ್ತೀರಿ, ಸ್ಯಾಂಪಲ್ ಹೊಲಿಸುತ್ತೀರಿ, ವಾಷಿಂಗಿಗೆ ಕಳಿಸಿ ಬಣ್ಣ ಹೇಗೆ ಬಂತೆಂದು ನೋಡುತ್ತೀರಿ. ಆಮೇಲಷ್ಟೇ ಕಟಿಂಗ್ ಮಾಸ್ಟರು ಬಟ್ಟೆ ಹಾಸುವುದು. ಐದು ಸಾವಿರ ಪೀಸಿನ ಆರ್ಡರಾದರೆ ಈ ಮುಂಗಡ ಖರ್ಚು ಎಲ್ಲಿ ಕರಗಿತೆಂದು ಗೊತ್ತೇ ಆಗುವುದಿಲ್ಲ. ಯಾರೋ ಬಂದು "ಇಪ್ಪತ್ತೇ ಪೀಸ್ ಸಾಕು" ಎಂದರೆ? ರೇಟು ಹೇಳುವ ಮೊದಲು ನೀವು ಒಮ್ಮೆ ಅವರ ಮುಖ ನೋಡುತ್ತೀರಿ.

ಮಾಡೆಲ್ ಎಂಜಿನ್ನಿನಲ್ಲಿ ಪ್ಯಾಟರ್ನಿನ ಜಾಗದಲ್ಲಿರುವುದು ಉಕ್ಕಿನ ಅಚ್ಚು. ಬಾಯ್ಲರು, ಚಾಲಕನ ಕ್ಯಾಬು, ಕಲ್ಲಿದ್ದಲಿನ ಟೆಂಡರು, ಒಂದೊಂದಕ್ಕೂ ಬೇರೆ ಅಚ್ಚು. ಕೆಳಗಿನ ತೂಕದ ಚೌಕಟ್ಟು ಸತುವಿನ ಮಿಶ್ರಲೋಹದ್ದು, ಅದರ ಎರಕಕ್ಕೆ ಮತ್ತೊಂದು. ಉಕ್ಕಿನ ಗಟ್ಟಿಯನ್ನು ಕೂದಲೆಳೆಯ ಅಳತೆಯಲ್ಲಿ ಕೊರೆಯುವ ಈ ಕೆಲಸಕ್ಕೇ ದೊಡ್ಡ ಗಂಟು ಹೋಗುತ್ತದೆ. ಲೆಕ್ಕ ತಿಳಿಯಲೆಂದು ಒಂದು ಕೋಟಿ ಎಂದಿಟ್ಟುಕೊಳ್ಳಿ. ಐದು ಸಾವಿರ ಎಂಜಿನ್ ಮಾಡಿದರೆ ಒಂದರ ತಲೆಗೆ ಅಚ್ಚಿನ ಖರ್ಚು ಎರಡು ಸಾವಿರ. ಐನೂರೇ ಮಾಡಿದರೆ ಇಪ್ಪತ್ತು ಸಾವಿರ. ಇನ್ನೂ ಪ್ಲಾಸ್ಟಿಕ್ಕು ಕರಗಿಲ್ಲ, ಮೋಟರು ಕೂತಿಲ್ಲ, ಅಷ್ಟರಲ್ಲೇ ಬೆಲೆಯ ಬಹುಪಾಲು ನಿಂತುಬಿಟ್ಟಿತು. ನೀವು ಕೇಳಿದ "ಒಂದಿಷ್ಟು ಪ್ಲಾಸ್ಟಿಕ್ಕಿನ" ಬೆಲೆ ಈ ಲೆಕ್ಕದಲ್ಲಿ ಚಿಲ್ಲರೆ.

ಇದು ಬೆಲೆ ಹೆಚ್ಚಿರುವುದಕ್ಕೆ ಕಾರಣ. ಬೆಲೆ ಏರುತ್ತಲೇ ಇರುವುದಕ್ಕೆ ಬೇರೆ ಕತೆಯಿದೆ, ಅದು ಇದಕ್ಕಿಂತ ಸ್ವಾರಸ್ಯದ್ದು.

ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ 1920ರಿಂದ ಆಟದ ರೈಲು ಮಾಡುತ್ತಿದೆ. ಕೆಂಟ್ ಕರಾವಳಿಯ ಮಾರ್ಗೇಟ್ ಊರಿನಲ್ಲಿ ಅದರ ಕಾರ್ಖಾನೆಯಿತ್ತು. 1990ರ ದಶಕದಲ್ಲಿ ತಯಾರಿಕೆ ಚೀನಾಕ್ಕೆ ಹೋಯಿತು. ಕಾರಣ ಹೇಳಬೇಕಿಲ್ಲ, ಅಲ್ಲಿ ಕೂಲಿ ಅಗ್ಗ. ಆದರೆ ಆ ಉಳಿತಾಯವನ್ನು ಕಂಪನಿಗಳು ಪೂರ್ತಿಯಾಗಿ ಜೇಬಿಗಿಳಿಸಲಿಲ್ಲ, ಒಂದಷ್ಟನ್ನು ಎಂಜಿನ್ನಿನ ಮೇಲೇ ಸುರಿದವು. ಹಳೇ ಮಾಡೆಲ್ಲಿನಲ್ಲಿ ಹಿಡಿಕಂಬಿ ಎಂದರೆ ಬಾಯ್ಲರಿನ ಮೈಮೇಲೆ ಎದ್ದ ಒಂದು ಗೆರೆ, ಅಚ್ಚಿನಲ್ಲೇ ಬರುತ್ತಿತ್ತು. ಈಗ ಅದು ಬಿಡಿ ತಂತಿ. ನಿಜವಾದ ಎಂಜಿನ್ನಿನಲ್ಲಿ ಒಂದಿಂಚು ದಪ್ಪದ ಕಂಬಿ ಮಾಡೆಲ್ಲಿನ ಅಳತೆಗೆ 87 ಪಾಲು ಚಿಕ್ಕದಾದರೆ ಮೂರನೇ ಒಂದು ಮಿಲಿಮೀಟರೂ ಉಳಿಯುವುದಿಲ್ಲ. ಆ ತಂತಿಯನ್ನು ಚಿಮುಟದಲ್ಲಿ ಹಿಡಿದು, ಸೂಜಿಮೊನೆಯಂಥ ಗೂಟಗಳ ತೂತಿನಲ್ಲಿ ತೂರಿಸಿ, ಹನಿ ಅಂಟು ಇಟ್ಟು ಕೂರಿಸುವವಳು ಗ್ವಾಂಗ್‌ಡಾಂಗ್ ಪ್ರಾಂತ್ಯದ ಯಾವುದೋ ಕಾರ್ಖಾನೆಯ ಹುಡುಗಿ. ಪೇಂಟಿನ ಮೇಲಿನ ಅಕ್ಷರಗಳದೂ ಇದೇ ಪಾಡು. ಮೆತ್ತನೆಯ ಸಿಲಿಕೋನ್ ಉಂಡೆಗೆ ಮಸಿ ಹತ್ತಿಸಿ, ಬಣ್ಣಕ್ಕೊಂದು ಸಲ ಒತ್ತಬೇಕು. ನಾಲ್ಕು ಬಣ್ಣದ ಲಾಂಛನವೆಂದರೆ ನಾಲ್ಕು ಒತ್ತು. ಮೂರನೆಯದು ಕೂದಲಷ್ಟು ಸರಿದರೂ ಆ ಕ್ಯಾಬು ಕಸದ ಬುಟ್ಟಿಗೆ.

ಕೊಳ್ಳುವವರ ಕಣ್ಣು ಈ ನಾಜೂಕಿಗೆ ಪಳಗಿತು. ಅದಾದ ಮೇಲೆ ಚೀನಾದಲ್ಲಿ ಕೂಲಿ ವರ್ಷ ವರ್ಷ ಏರಿತು. ಈಗ ಕಂಬಿಯನ್ನು ಮತ್ತೆ ಗೆರೆ ಮಾಡಿ ಅಗ್ಗಕ್ಕೆ ಕೊಡೋಣವೆಂದರೆ ಯಾರೂ ಒಪ್ಪುವುದಿಲ್ಲ. ಅಗ್ಗದ ಕಾಲದಲ್ಲಿ ಹುಟ್ಟಿದ ರುಚಿ ಉಳಿದುಕೊಂಡಿತು, ಅಗ್ಗದ ಕಾಲ ಹೋಯಿತು. ನಿಮ್ಮ ಊರಿನಲ್ಲೇ ಒಮ್ಮೆ ಸ್ಟ್ರೆಚ್ ಜೀನ್ಸ್ ತೊಟ್ಟ ಹುಡುಗರಿಗೆ ಹಳೇ ದಪ್ಪ ಡೆನಿಮ್ಮನ್ನು ಮಾರಿ ನೋಡಿ.

ಕಾರ್ಖಾನೆಗಳೂ ಕಮ್ಮಿಯಾದವು. ಹಾರ್ನ್‌ಬಿಯೂ ಸೇರಿ ಹಲವು ಕಂಪನಿಗಳಿಗೆ ಎಂಜಿನ್ ಮಾಡಿಕೊಡುತ್ತಿದ್ದ ಸಾಂಡಾ ಕಾನ್ ಎಂಬ ಕಾರ್ಖಾನೆಯನ್ನು 2008ರಲ್ಲಿ ಕೇಡರ್ ಕಂಪನಿ ಕೊಂಡಿತು. ಈ ಕೇಡರ್ ಯಾರೆಂದರೆ, ಹಾರ್ನ್‌ಬಿಯ ನೇರ ಪ್ರತಿಸ್ಪರ್ಧಿ ಬಾಕ್‌ಮನ್ನಿನ ಒಡೆಯ! ಎದುರಂಗಡಿಯವರ ಕೈಯಲ್ಲಿ ನಿಮ್ಮ ಜಾಬ್ ವರ್ಕ್ ಸಿಕ್ಕಿಕೊಂಡರೆ ಏನಾದೀತು ಎಂದು ನಿಮಗೆ ವಿವರಿಸಬೇಕಿಲ್ಲ. ಮರುವರ್ಷ ಜರ್ಮನಿಯ ಮಾರ್ಕ್ಲಿನ್, 1859ರಷ್ಟು ಹಳೆಯ ಮನೆತನ, ದಿವಾಳಿ ಅರ್ಜಿ ಹಾಕಿತು. ಆಮೇಲೆ ಚೇತರಿಸಿಕೊಂಡಿತು, ಅದು ಬೇರೆ ಮಾತು. ಆದರೆ ಆ ಹೊಡೆತ ತಿಂದ ವ್ಯಾಪಾರದಲ್ಲಿ ಉಗ್ರಾಣ ತುಂಬ ಸರಕು ಮಾಡಿಟ್ಟು ಗಿರಾಕಿಗೆ ಕಾಯುವ ಧೈರ್ಯ ಅಡಗಿತು. ಮುಂಗಡ ಬುಕಿಂಗ್ ಎಷ್ಟಿದೆಯೋ ಅಷ್ಟು, ಮೇಲೊಂದಿಷ್ಟು, ಮುಗಿಯಿತು. "ಲಿಮಿಟೆಡ್" ಎಂಬ ಮಾತಿಗೆ ಬಲ ಬಂದದ್ದು ಹೀಗೆ. ಅದರಲ್ಲಿ ಶೋಕಿಗಿಂತ ಭಯವೇ ಜಾಸ್ತಿ.

ಎಲ್ಲ ಲಿಮಿಟೆಡ್ಡೂ ಒಂದೇ ಅಲ್ಲ. ಹಿತ್ತಾಳೆ ತಗಡಿನಲ್ಲಿ ಕೈಯಾರೆ ಬೆಸುಗೆ ಹಾಕಿ ಜಪಾನ್, ಕೊರಿಯಾಗಳಲ್ಲಿ ಮಾಡಿಸುತ್ತಿದ್ದ ಎಂಜಿನ್ನುಗಳು ನಿಜಕ್ಕೂ ನೂರಿನ್ನೂರರ ಲೆಕ್ಕದವು. ಆದರೆ ಪ್ಲಾಸ್ಟಿಕ್ ಎಂಜಿನ್ನುಗಳಲ್ಲಿ ಎಷ್ಟೋ ಸಲ ಅಚ್ಚು ಹಳೆಯದೇ. ಹಸಿರಿನ ಬದಲು ಕಪ್ಪು ಬಣ್ಣ, ಹೊಸದೊಂದು ನಂಬರು, ಪೆಟ್ಟಿಗೆಯಲ್ಲಿ ಕ್ರಮಾಂಕ ಬರೆದ ಒಂದು ಪ್ರಮಾಣಪತ್ರ. ಅದೇ ಪ್ಯಾಂಟಿಗೆ ಹಿಂಬದಿಯ ಲೇಬಲ್ ಬದಲಿಸಿದ ಹಾಗೆ. ಮುಂದೆ ಬೆಲೆ ಬರುತ್ತದೆಂದು ಇಂಥವನ್ನು ಕೊಂಡಿಟ್ಟವರ ಬಗ್ಗೆ ನನಗೆ ಕನಿಕರವಿದೆ. ಅಚ್ಚು ಕಂಪನಿಯ ಕಪಾಟಿನಲ್ಲಿ ಇರುವವರೆಗೆ ಅಪರೂಪ ಎನ್ನುವುದು ಕಂಪನಿಯ ಮರ್ಜಿ.

ಇಷ್ಟು ಹೊರಗಿನ ಕತೆ. ಭಾರತಕ್ಕೆ ಬರುವಾಗ ಇದರ ಮೇಲೆ ಮತ್ತೆರಡು ಹೊರೆ ಬೀಳುತ್ತವೆ. ಒಂದು ರೂಪಾಯಿಯದು: 2014ರಲ್ಲಿ ಡಾಲರಿಗೆ 60ರ ಆಸುಪಾಸು ಇದ್ದದ್ದು 2024ರ ಕೊನೆಗೆ 85 ಆಗಿತ್ತು. ಇನ್ನೊಂದು ಸುಂಕದ್ದು. ಕಸ್ಟಮ್ಸ್ ಪುಸ್ತಕದಲ್ಲಿ ಗೊಂಬೆ, ಮೂರು ಗಾಲಿ ಸೈಕಲ್ಲು, ಅಳತೆಗೆ ತಕ್ಕ ಮಾಡೆಲ್ಲುಗಳು ಎಲ್ಲ ಒಂದೇ ತಲೆಬರಹದಡಿ ಕೂತಿವೆ. ಅಗ್ಗದ ಚೀನೀ ಆಟಿಕೆಗಳನ್ನು ತಡೆಯಲೆಂದು 2020ರ ಬಜೆಟ್ಟಿನಲ್ಲಿ ಆಟಿಕೆಗಳ ಮೂಲ ಸುಂಕವನ್ನು ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಅಂದರೆ ವ್ಯಾಪಾರಿ ತರಿಸಿದ ನೂರು ರೂಪಾಯಿಯ ಮಾಲು ಜಿಎಸ್‌ಟಿಗೆ ಮೊದಲೇ 170 ಆಯಿತು. ಐವತ್ತು ರೂಪಾಯಿಯ ಗಿಲಕಿಗೆ ಹಾಕಿದ ಬಲೆಯಲ್ಲಿ ನಿಮ್ಮ ಹುಡುಗನ ಎಂಜಿನ್ನೂ ಸಿಕ್ಕಿಬಿದ್ದಿದೆ. ಸುಂಕದ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಈ ಮಾಡೆಲ್ಲನ್ನು ಇಲ್ಲಿ ಯಾರೂ ಮಾಡುತ್ತಿಲ್ಲ ಎಂದಾಗ ಆ ಸುಂಕ ಯಾರನ್ನು ಕಾಯುತ್ತಿದೆ?

ಇಲ್ಲೇ ನಿಮ್ಮ ಎರಡನೇ ಪ್ರಶ್ನೆ ಬರುತ್ತದೆ, ಬಳ್ಳಾರಿಯ ಎಂಜಿನ್ ಯಾಕಿಲ್ಲ?

ನಿಮ್ಮ ಮನೆಯ ಹಿರಿಯರು ಕಂಡಿರುವುದು ಬಹುಶಃ ವೈಪಿ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಹೋಗುತ್ತಿದ್ದ ಮೀಟರ್ ಗೇಜಿನ ಪ್ರಯಾಣಿಕರ ಗಾಡಿಗಳ ಉಗಿ ಎಂಜಿನ್. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. ಸರಕು ಎಳೆಯಲು ವೈಜಿ, ಆಮೇಲೆ ಡೀಸೆಲ್ಲಿನ ವೈಡಿಎಂ-4. 1990ರ ದಶಕದಲ್ಲಿ ಹಳಿ ಅಗಲವಾಯಿತು, ಇವೆಲ್ಲ ಈ ದಾರಿಯಿಂದ ಮರೆಯಾದವು. 1949ರಿಂದ 1970ರವರೆಗೆ ಭಾರತಕ್ಕಾಗಿ ಕಟ್ಟಿದ ವೈಪಿ ಎಂಜಿನ್ನುಗಳು 871. ನಿಜವಾದವು, ನೀರು ಕುಡಿದು ಕಲ್ಲಿದ್ದಲು ತಿಂದವು! ಇಂದು ಅದರ ಮಾಡೆಲ್ ಮಾಡಿ 25 ಸಾವಿರಕ್ಕೆ ಮಾರಹೊರಟರೆ ಅಷ್ಟು ಗಿರಾಕಿ ಸಿಗುವುದು ನನಗಂತೂ ಅನುಮಾನ. ಮಾಡುವ ತಾಕತ್ತು ಇಲ್ಲವೆಂದಲ್ಲ. ಏರ್‌ಫಿಕ್ಸ್ ಕಂಪನಿಯ ವಿಮಾನದ ಪ್ಲಾಸ್ಟಿಕ್ ಕಿಟ್ಟುಗಳು ವರ್ಷಗಟ್ಟಲೆ ಭಾರತದಲ್ಲೇ ಅಚ್ಚಾಗಿ ಇಂಗ್ಲೆಂಡಿಗೆ ಹೋಗಿವೆ. ನಿಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಬಿತ್ತು. ತಮಾಷೆಯೆಂದರೆ ಭಾನಾಪುರ ಅದೇ ಹಳೇ ಮೀಟರ್ ಗೇಜ್ ದಾರಿಯ ಒಂದು ಸ್ಟೇಷನ್ನು. ವೈಪಿ ಹೊಗೆ ಬಿಟ್ಟುಕೊಂಡು ಹೋದ ಊರಿನಲ್ಲೇ ಆಟಿಕೆ ತಯಾರಾಗುತ್ತದೆ, ವೈಪಿಯದೊಂದು ಮಾಡೆಲ್ ಮಾತ್ರ ಇಲ್ಲ. ಕೊಳ್ಳುವವರು ಕೆಲವರೇ, ಆದ್ದರಿಂದ ಬೆಲೆ ಹೆಚ್ಚು. ಬೆಲೆ ಹೆಚ್ಚು, ಆದ್ದರಿಂದ ಕೊಳ್ಳುವವರು ಇನ್ನೂ ಕೆಲವರು. ಈ ಗಾಣದಿಂದ ಇಂಗ್ಲೆಂಡಿನವರಿಗೇ ಹೊರಬರಲು ಆಗುತ್ತಿಲ್ಲ.

ಹಳಿಯದೂ ಒಂದು ತೊಡಕು. ಲೋಕದಲ್ಲೆಲ್ಲ ಮಾರುವ ಎಚ್‌ಒ ಅಳತೆ ಎಂದರೆ 87ಕ್ಕೆ ಒಂದು, ಹಳಿಯ ನಡುವಿನ ಅಂತರ 16.5 ಮಿಲಿಮೀಟರ್. ಅದು ಯುರೋಪಿನ ಹಳಿಗೆ ಕೂಡಿಬಂದ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19ರ ಮೇಲೆ ಬರುತ್ತದೆ. ಹಾಗಾಗಿ ಭಾರತದ ಬ್ರಾಡ್ ಗೇಜ್ ಮಾಡೆಲ್ಲನ್ನು ಸಿದ್ಧ ಹಳಿಯ ಮೇಲೆ ನಿಲ್ಲಿಸಿದರೆ ಕಾಲು ಜೋಡಿಸಿಕೊಂಡು ನಿಂತ ದೊಡ್ಡಾಳಿನಂತೆ ಕಾಣುತ್ತದೆ. ಮೀಟರ್ ಗೇಜಿನ ಅದೃಷ್ಟ ಮೇಲು. ಸಾವಿರ ಮಿಲಿಮೀಟರಿಗೆ 11.5 ಬರುತ್ತದೆ, ಸ್ವಿಟ್ಜರ್ಲೆಂಡಿನ ಬೆಟ್ಟದ ಮೀಟರ್ ಗೇಜ್ ರೈಲುಗಳ ಮಾಡೆಲ್ಲುಗಳಿಗೆಂದು 12 ಮಿಲಿಮೀಟರಿನ ಹಳಿ ಅಂಗಡಿಯಲ್ಲೇ ಸಿಗುತ್ತದೆ. ಬಳ್ಳಾರಿಯ ಎಂಜಿನ್ನಿಗೆ ಆಲ್ಪ್ಸ್ ಹಳಿ!

ಅದರಿಂದ ಹುಡುಗನಿಗೆ ನನ್ನದೊಂದು ಸಲಹೆ. 28 ಸಾವಿರದ ಎಂಜಿನ್ ಬೇಡ. 2022ರಲ್ಲಿ ಹಾರ್ನ್‌ಬಿ 120ಕ್ಕೆ ಒಂದರ ಟಿಟಿ ಅಳತೆಯ ಸಾಲು ಶುರುಮಾಡಿತು. ಅದರ ಹಳಿ 12 ಮಿಲಿಮೀಟರ್. ಆ ಸಾಲಿನ ಎ4 ಎಂಜಿನ್ನಿಗೂ ವೈಪಿಯ ಹಾಗೆ ನಾಲ್ಕು, ಆರು, ಎರಡು ಗಾಲಿ. ವೈಪಿಯ ದೊಡ್ಡ ಗಾಲಿ ನಾಲ್ಕೂವರೆ ಅಡಿಯದು, 87ಕ್ಕೆ ಇಳಿಸಿದರೆ 15.8 ಮಿಲಿಮೀಟರ್. ಎ4ರದು ಆರಡಿ ಎಂಟಿಂಚು, 120ಕ್ಕೆ ಇಳಿಸಿದರೆ 16.9. ವ್ಯತ್ಯಾಸ ಒಂದು ಮಿಲಿಮೀಟರ್ ಚಿಲ್ಲರೆ. ಇಂಗ್ಲೆಂಡಿನ ಓಟದ ಎಂಜಿನ್ನಿನ ಕಾಲಿನ ಮೇಲೆ ನಮ್ಮ ವೈಪಿಯ ಮೈ ಕೂರಿಸಬಹುದು, ನೋಡಿದವರಿಗೆ ಗೊತ್ತಾಗಲಿಕ್ಕಿಲ್ಲ. ಗಾಲಿಗಳ ನಡುವಿನ ಅಂತರ ಸರಿಹೊಂದುವುದಿಲ್ಲ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಮುರಿಯಲಿ.

ಕಾಲನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಇನ್ನೂ ಅಗ್ಗ, ಆದರೆ ನೋಡಿ ಕೊಳ್ಳಲಿ. ನಾನೊಮ್ಮೆ ಬೆಂಗಳೂರಿನಲ್ಲಿ ಹಳೇ ಎಂಜಿನ್ನೊಂದನ್ನು ಚೌಕಾಸಿ ಮಾಡಿ ತಂದೆ, ಗೆದ್ದೆನೆಂದುಕೊಂಡೆ. ಮನೆಯಲ್ಲಿ ಬಿಚ್ಚಿದರೆ ಚೌಕಟ್ಟು ಊದಿಕೊಂಡು ಬಿರುಕು ಬಿಟ್ಟಿದೆ. ಉಗುರು ತಾಗಿಸಿದೆ, ಹಳೇ ರಸ್ಕಿನಂತೆ ಉದುರಿತು. ಸತುವಿನ ಎರಕದಲ್ಲಿ ಸೀಸದ ಕಲ್ಮಶ ಸೇರಿದ್ದರೆ ವರ್ಷಗಳ ಮೇಲೆ ಹೀಗಾಗುತ್ತದೆ, ಮದ್ದಿಲ್ಲ. ಕೊಳ್ಳುವ ಮೊದಲು ಎಂಜಿನ್ನನ್ನು ತಿರುವಿ ಹಾಕಿ ಚೌಕಟ್ಟು ನೆಟ್ಟಗಿದೆಯೇ ನೋಡಬೇಕು. ಗಾಲಿ ತಿರುಗಿಸಿದಾಗ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಟಕ್ಕೆಂದರೆ ಹಲ್ಲುಚಕ್ರ ಸೀಳಿದೆ ಎಂದರ್ಥ.

ಮೈಯ ಅಳತೆಗೆ ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ, ಮೀಟರ್ ಗೇಜಿನ ಉಗಿ ಎಂಜಿನ್ನುಗಳನ್ನು ಅಲ್ಲಿ ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು. ಒಂದು ಟೇಪು, ಒಂದು ನೋಟುಬುಕ್ಕು ಸಾಕು. ಆಡುವ ರೈಲುಗಳ ಪೂರ್ತಿ ಊರನ್ನೇ ನೋಡಬೇಕೆಂದರೆ ಪುಣೆಯ ಕೋಥ್ರೂಡಿನಲ್ಲಿ ಜೋಶಿಯವರ ಚಿಕಣಿ ರೈಲು ಸಂಗ್ರಹಾಲಯವಿದೆ, 1998ರಿಂದ ನಡೆಯುತ್ತಿದೆ.

ಬಾಯ್ಲರಿಗೆ ಪಿವಿಸಿ ಪೈಪಿನ ತುಂಡು ನಡೆಯುತ್ತದೆ. 3ಡಿ ಪ್ರಿಂಟು, ಹಿತ್ತಾಳೆ ತಗಡು ಎಲ್ಲ ಆಮೇಲೆ. ಮೊದಲ ಕ್ಯಾಬನ್ನು ರಟ್ಟಿನಲ್ಲೇ ಕತ್ತರಿಸಲಿ, ಎರಡು ಕೆಡಲಿ, ಮೂರನೆಯದು ನಿಲ್ಲುತ್ತದೆ. ರಟ್ಟು ಕೊಳ್ಳಬೇಕಾಗಿಯೂ ಇಲ್ಲ. ಹೋದ ಸೀಸನ್ನಿನ ಪ್ಯಾಟರ್ನುಗಳು ನಿಮ್ಮ ಯೂನಿಟ್ಟಿನ ಗೋಡೆಯ ಮೊಳೆಗೆ ನೇತುಬಿದ್ದಿರಬೇಕಲ್ಲ, ಅದರಲ್ಲಿ ಒಂದು ಹಳೇ ಬೆಲ್ ಬಾಟಮ್ಮಿನದು ಅವನಿಗೆ ಕೊಡಿ.